ಉಪವಾಸದ ಅಕ್ಷರ

ನಮ್ಮಲ್ಲಿ ಗೌರವವನ್ನು ಅಳೆಯುವ ಮಾನ ಒಂದೇ, ಅದು ದಪ್ಪ. ಯಾವುದಾದರೊಂದು ಮದುವೆಯ ಆಹ್ವಾನ ಪತ್ರಿಕೆಯನ್ನು ಕೈಗೆತ್ತಿಕೊಳ್ಳಿ. ವಧೂವರರ ಹೆಸರು ದಪ್ಪ. ಅವರ ತಂದೆತಾಯಿಗಳ ಹೆಸರು ಅದಕ್ಕಿಂತ ಒಂದು ಕೂದಲೆಳೆಯಷ್ಟು ಕಡಮೆ ದಪ್ಪ. ಸುಖಾಗಮನವನ್ನು ಬಯಸುವ ಸೋದರಮಾವಂದಿರು ಮಾತ್ರ ತೆಳ್ಳಗೆ, ಪುಟದ ತಳದಲ್ಲಿ, ಒಬ್ಬರನ್ನೊಬ್ಬರು ಒತ್ತಿಕೊಂಡು ನಿಂತಿರುತ್ತಾರೆ. ಅಕ್ಕಂದಿರ ಮಕ್ಕಳ ಮದುವೆಗಳಲ್ಲಿ ಈ ಸ್ಥಾನವನ್ನು ಅಲಂಕರಿಸಿದ ನನಗೆ ಈ ವಿಷಯದಲ್ಲಿ ಸ್ವಾನುಭವವುಂಟು. ಚಳ್ಳಕೆರೆಯ ಪೇಟೆಯಲ್ಲಿ ಒಂದು ಸಂಜೆ ತಿರುಗಾಡಿ ಬಂದರೂ ಇದೇ ನೋಟ. ಎಣ್ಣೆಯ ಗಿರಣಿಗಳಿಂದ ಹೆಸರಾದ ಊರಾದ್ದರಿಂದಲೋ ಏನೋ, ಇಲ್ಲಿಯ ಅಂಗಡಿ ಹಲಗೆಗಳ ಮೇಲಿನ ಅಕ್ಷರಗಳೂ ಎಣ್ಣೆ ಕುಡಿದು ಮೈ ಬಿಟ್ಟಂತೆ ತೋರುತ್ತವೆ. ರಾಜಕೀಯದವರ ಹುಟ್ಟುಹಬ್ಬದ ಫ್ಲೆಕ್ಸುಗಳ ಮಾತನ್ನಂತೂ ಆಡುವುದೇ ಬೇಡ. ಅಲ್ಲಿ ಅಕ್ಷರಕ್ಕೆ ಒಂದು ನೆರಳು, ನೆರಳಿಗೆ ಒಂದು ಅಂಚು, ಅಂಚಿಗೆ ಒಂದು ಹೊಳಪು!

ಈ ದಪ್ಪದ ಸಾಮ್ರಾಜ್ಯದಲ್ಲಿ ತೆಳ್ಳಗಿನ ಮೂರು ಅಕ್ಷರಗಳು ಹುಟ್ಟಿ ಬದುಕಿಕೊಳ್ಳಲು ಪಟ್ಟ ಪಾಡನ್ನು ನಿಮಗೆ ಹೇಳಬೇಕಾಗಿದೆ.

ಕನ್ನಡದಲ್ಲಿ ಎಂ.ಎ. ಮಾಡಿ ಕಾಲೇಜು ಸೇರಿದವನಿಗೆ ಪಾಠದ ಜೊತೆಗೆ ಮೂರು ಕೆಲಸಗಳು ತಾವಾಗಿಯೇ ಅಂಟಿಕೊಳ್ಳುತ್ತವೆ: ರಾಜ್ಯೋತ್ಸವದ ಭಾಷಣ, ಮುಖ್ಯ ಅತಿಥಿಗಳ ಪರಿಚಯ, ಮತ್ತು ವಾರ್ಷಿಕ ಸಂಚಿಕೆ. ನಮ್ಮ ಸಂಚಿಕೆಗೆ ಆ ವರ್ಷ ವಿದ್ಯಾರ್ಥಿಗಳೇ ಸೇರಿ ‘ಕಣಜ’ ಎಂದು ಹೆಸರಿಟ್ಟರು. ಮುಖಪುಟವನ್ನು ಬರೆದು ತರಲು ಒಪ್ಪಿಕೊಂಡವಳು ಅಂತಿಮ ಬಿ.ಎ. ತರಗತಿಯ ಒಬ್ಬ ಹುಡುಗಿ. ಅವಳದು ಮೊಳಕಾಲ್ಮುರು, ತಂದೆ ರೇಷ್ಮೆ ನೇಯುವವರು. ತರಗತಿಯಲ್ಲಿ ಎರಡನೆಯ ಬೆಂಚಿನ ತುದಿಯಲ್ಲಿ ಕುಳಿತು, ನಾನು ಹಳಗನ್ನಡದ ಪದ್ಯವೊಂದನ್ನು ಬಿಡಿಸುತ್ತಿರುವಾಗ ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ಏನನ್ನೋ ಗೀಚುತ್ತಿದ್ದವಳು. ಗೀಚುತ್ತಿದ್ದುದು ಬಳ್ಳಿಯನ್ನೋ ನವಿಲನ್ನೋ ಇರಬಹುದೆಂದು ನಾನು ತಿಳಿದಿದ್ದೆ. ಅವಳು ಗೀಚುತ್ತಿದ್ದುದು ಅಕ್ಷರಗಳನ್ನೇ ಎಂಬುದು ಮುಖಪುಟವನ್ನು ತಂದು ಮೇಜಿನ ಮೇಲಿಟ್ಟಾಗ ಗೊತ್ತಾಯಿತು.

ಚಿತ್ರವೆಂಬುದು ಅದರಲ್ಲಿ ಇರಲೇ ಇಲ್ಲ. ಬಿಳಿಯ ಹಾಳೆ, ಅದರ ಮೇಲೆ ಕ, ಣ, ಜ ಎಂಬ ಮೂರೇ ಅಕ್ಷರ. ಎತ್ತರ ಮೂರು ಅಂಗುಲವಿದ್ದೀತು. ಗೆರೆಯ ದಪ್ಪ ಮಾತ್ರ ರೇಷ್ಮೆಯ ಹುರಿಗಿಂತ ಹೆಚ್ಚಿರಲಿಲ್ಲ. ಗೆರೆ ಎಲ್ಲಿಯೂ ಹಿಗ್ಗದೆ, ಎಲ್ಲಿಯೂ ಕುಗ್ಗದೆ, ತಂತಿಯನ್ನು ಬಗ್ಗಿಸಿ ಇಟ್ಟಂತೆ ಒಂದೇ ಸಮನಾಗಿ ಹರಿದಿತ್ತು. ಕಕಾರದ ತಲೆಕಟ್ಟು ವಾಡಿಕೆಯಂತೆ ಬಲತುದಿಯಲ್ಲಿ ಮೇಲಕ್ಕೆ ಕೊಂಕಿರಲಿಲ್ಲ. ಎರಡು ತುದಿಗಳನ್ನೂ ಕತ್ತರಿಯಿಂದ ಕತ್ತರಿಸಿದಂತೆ, ನೆಟ್ಟಗೆ ಅಡ್ಡಲಾಗಿ ಮಲಗಿದ ಒಂದು ಪಟ್ಟಿಯಾಗಿತ್ತು. ಣಕಾರ ಜಕಾರಗಳ ಗೆರೆ ಎಲ್ಲಿ ಮುಗಿಯುವುದೋ ಅಲ್ಲಿಯೂ ಅಂಥದೇ ಒಂದೊಂದು ಸಣ್ಣ ಅಡ್ಡಪಟ್ಟಿ.

ಸಂಪಾದಕ ಸಮಿತಿಯವರು ಹಾಳೆಯನ್ನು ಕೈಯಿಂದ ಕೈಗೆ ದಾಟಿಸಿದರು. ನಮ್ಮ ಪ್ರಾಂಶುಪಾಲರು ಸಜ್ಜನರು, ಹುಡುಗಿಯ ಮನಸ್ಸನ್ನು ನೋಯಿಸಬಾರದೆಂದು ಅವಳು ಹೊರಗೆ ಹೋಗುವವರೆಗೆ ಕಾದಿದ್ದು, ಆಮೇಲೆ, “ಏನ್ರಿ ಮೇಷ್ಟ್ರೆ, ಅಕ್ಷರ ಏಕಾದಶಿ ಉಪವಾಸ ಇದ್ದಹಾಗಿದೆಯಲ್ಲ! ಕಣಜ ಅಂತ ಹೆಸರಿಟ್ಟು ಹಸಿದ ಅಕ್ಷರ ಬರೆದರೆ ಹೇಗೆ?” ಎಂದರು. ವಾಣಿಜ್ಯ ವಿಭಾಗದ ಗೆಳೆಯರು ಶಾಯಿಯ ಖರ್ಚು ಉಳಿಯುತ್ತದೆಂದು ಸಮಾಧಾನ ಹೇಳಿದರು. ಮತ್ತೊಬ್ಬರು, “ಣ ಚಪ್ಪಲಿ ಮೆಟ್ಟಿಕೊಂಡಿದೆ” ಎಂದು ನಕ್ಕರು. ಕೊನೆಗೆ ವಿಷಯವನ್ನು ಒಂದು ವಾರ ಮುಂದಕ್ಕೆ ಹಾಕಿ, ಕನ್ನಡದವರೆಂಬ ಕಾರಣಕ್ಕೆ ನನ್ನ ಅಭಿಪ್ರಾಯವನ್ನು ಬರಹದಲ್ಲಿ ಕೊಡಬೇಕೆಂದು ತೀರ್ಮಾನವಾಯಿತು. ನನಗೆ ಆ ಅಕ್ಷರಗಳು ನೋಡಿದೊಡನೆಯೇ ಹಿಡಿಸಿದ್ದುವು. ಆದರೆ ಹಿಡಿಸಿತೆಂಬುದು ಸಮಿತಿಯ ಮುಂದೆ ವಾದವಾಗಲಾರದಷ್ಟೆ.

ಹುಡುಗಿಯನ್ನು ಕರೆದು ಆ ಪಟ್ಟಿಗಳನ್ನು ಎಲ್ಲಿಂದ ತಂದೆಯೆಂದು ಕೇಳಿದೆ. ಇಂಗ್ಲಿಷ್ ಟೈಪ್‌ರೈಟರಿನ ಅಕ್ಷರಗಳನ್ನು ನೋಡಿದ್ದಳಂತೆ. ಅವು ಸಣ್ಣಗಿದ್ದೂ ಗಟ್ಟಿಯಾಗಿ ನಿಂತಿವೆಯೆಂದು ಅವಳಿಗೆ ತೋರಿತ್ತಂತೆ. ಮಾತು ಸಣ್ಣದು, ಅದರ ಹಿಂದಿನ ಕಥೆ ಸ್ವಾರಸ್ಯವಾದುದು.

ಇಂಗ್ಲಿಷಿನ ಅಕ್ಷರಗಳಿಗೆ ಕಾಲಿರುವಂತೆ ಪಾದವೂ ಉಂಟು. ಗೆರೆಯ ತುದಿಯಲ್ಲಿ ಅಡ್ಡಲಾಗಿ ಚಾಚಿದ ಆ ಚಿಕ್ಕ ಪಾದಕ್ಕೆ ಸೆರಿಫ್ ಎಂದು ಹೆಸರು. ರೋಮನ್ನರ ಶಿಲಾಲೇಖಗಳ ಕಾಲದಿಂದ ಅದು ನಯವಾಗಿ, ಮೊನಚಾಗಿ ಇತ್ತು. 1815ರ ಸುಮಾರಿಗೆ ಲಂಡನ್ನಿನಲ್ಲಿ ವಿನ್ಸೆಂಟ್ ಫಿಗಿನ್ಸ್ ಎಂಬ ಅಚ್ಚಿನ ಮೊಳೆ ಎರಕ ಹೊಯ್ಯುವಾತ ಆ ಪಾದವನ್ನು ಕಾಲಿನಷ್ಟೇ ದಪ್ಪವಾದ ಹಲಗೆಯನ್ನಾಗಿ ಮಾಡಿದ. ಇದೇ ಸ್ಲ್ಯಾಬ್ ಸೆರಿಫ್, ಅಂದರೆ ಹಲಗೆ ಪಾದದ ಅಕ್ಷರ. ಲಾಟರಿಗೂ ನಾಟಕಕ್ಕೂ ಗೋಡೆಯ ಮೇಲೆ ಕೂಗಿ ಕರೆಯುವುದು ಅದರ ಕೆಲಸ, ಕೂಗುವವನಿಗೆ ನಯವೇಕೆ? ನೆಪೋಲಿಯನ್ 1798ರಲ್ಲಿ ಈಜಿಪ್ಟಿನ ಮೇಲೆ ದಂಡೆತ್ತಿ ಹೋದ ತರುವಾಯ ಯುರೋಪಿನಲ್ಲಿ ಪಿರಮಿಡ್ಡು, ಮಮ್ಮಿಗಳ ಹುಚ್ಚು ಹತ್ತಿದ್ದ ಕಾಲವದು. ಈ ದಢೂತಿ ಅಕ್ಷರಗಳಿಗೂ ‘ಈಜಿಪ್ಷಿಯನ್’ ಎಂಬ ಹೆಸರು ಅಂಟಿಕೊಂಡಿತು. ತಮಾಷೆಯೆಂದರೆ, 1816ರಲ್ಲಿ ನಾಲ್ಕನೆಯ ವಿಲಿಯಂ ಕ್ಯಾಸ್ಲನ್ ಎಂಬಾತ ಇದೇ ಹೆಸರಿನಿಂದ ಮಾರಾಟಕ್ಕಿಟ್ಟ ಅಕ್ಷರಕ್ಕೆ ಪಾದವೇ ಇರಲಿಲ್ಲ! ಹೆಸರಿಡುವುದರಲ್ಲಿ ಮುದ್ರಕರು ನಮ್ಮ ಸಿನಿಮಾದವರಿಗೆ ಕಡಮೆಯವರಲ್ಲ.

ಹೀಗೆ ಒಂದು ಶತಮಾನ ತಿಂದು ಕೊಬ್ಬಿದ ಮೇಲೆ ಈ ವಂಶದಲ್ಲಿ ತೆಳುಮೈಯ ಮಕ್ಕಳು ಹುಟ್ಟಿದರು. 1929ರಲ್ಲಿ ಜರ್ಮನಿಯ ಸ್ಟೆಂಪೆಲ್ ಸಂಸ್ಥೆ ರುಡಾಲ್ಫ್ ವುಲ್ಫ್ ಎಂಬಾತ ರಚಿಸಿದ ‘ಮೆಂಫಿಸ್’ ಅಕ್ಷರವನ್ನು ಹೊರತಂದಿತು. 1934ರಲ್ಲಿ ಇಂಗ್ಲೆಂಡಿನ ಮಾನೊಟೈಪ್ ಸಂಸ್ಥೆಯಿಂದ ‘ರಾಕ್‌ವೆಲ್’ ಬಂತು. ಕೈವಾರದಿಂದ ಎಳೆದ ವೃತ್ತ, ಅಡ್ಡಪಟ್ಟಿಯಿಂದ ಎಳೆದ ಗೆರೆ, ಅಲಂಕಾರವೆಂಬುದಿಲ್ಲ. ಇವುಗಳ ದಪ್ಪ ಜಾತಿಗಳ ಜೊತೆಗೆ ತೆಳು ಜಾತಿಗಳೂ ಇದ್ದುವು. ಆಗ ತಿಳಿದುಬಂದ ಸಂಗತಿಯೇನೆಂದರೆ, ಪಾದವೂ ಕಾಲೂ ಒಂದೇ ದಪ್ಪವಿರಬೇಕೆಂಬ ನಿಯಮವನ್ನು ಬಿಡದೆ ಎರಡನ್ನೂ ಎಳೆಯಷ್ಟು ಸಣ್ಣದು ಮಾಡಿದರೆ, ಕೂಗುತ್ತಿದ್ದ ಅಕ್ಷರವೇ ಮೆಲ್ಲಗೆ ಮಾತನಾಡತೊಡಗುತ್ತದೆ; ಆದರೂ ಅದರ ಕಾಲು ನೆಲದ ಮೇಲೆ ಊರಿರುತ್ತದೆ. ಟೈಪ್‌ರೈಟರಿನ ಅಕ್ಷರಕ್ಕೆ ಪಾದ ಬಂದುದಕ್ಕೆ ಇನ್ನೂ ಸರಳವಾದ ಕಾರಣವುಂಟು. ಆ ಯಂತ್ರದಲ್ಲಿ ಪ್ರತಿಯೊಂದು ಅಕ್ಷರಕ್ಕೂ ಸಮಾನವಾದ ಜಾಗ. ‘ಎಂ’ ಎಂಬ ಸ್ಥೂಲಕಾಯಕ್ಕೂ ‘ಐ’ ಎಂಬ ಕಡ್ಡಿಗೂ ಒಂದೇ ಅಗಲದ ಕೋಣೆ. ಕಡ್ಡಿಯ ಎರಡೂ ಪಕ್ಕ ಖಾಲಿ ಬಿದ್ದು ಪದ ಹರಿದಂತೆ ಕಾಣಬಾರದೆಂದು ಅದಕ್ಕೆ ಅಗಲವಾದ ಪಾದ ಕೊಟ್ಟರು. 1950ರ ದಶಕದಲ್ಲಿ ಐಬಿಎಂ ಸಂಸ್ಥೆಗಾಗಿ ಹೊವರ್ಡ್ ಕೆಟ್ಲರ್ ರಚಿಸಿದ ‘ಕೊರಿಯರ್’ ಅಕ್ಷರ ಇಂದಿಗೂ ಕಂಪ್ಯೂಟರುಗಳಲ್ಲಿ ಉಳಿದಿದೆ. ಚಳ್ಳಕೆರೆಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಹಳೆಯ ಸರಕಾರಿ ಕಡತವೊಂದನ್ನು ಬಿಚ್ಚಿದರೆ ಅದರ ಅಣ್ಣತಮ್ಮಂದಿರೇ ಸಾಲುಗಟ್ಟಿ ನಿಂತಿರುತ್ತಾರೆ.

ಇದಿಷ್ಟೂ ಪರದೇಶದ ಮಾತಾಯಿತು. ಕನ್ನಡದ ಅಕ್ಷರಕ್ಕೆ ಪಾದವನ್ನು ಕಟ್ಟಬಹುದೆ? ಇಲ್ಲಿಯೇ ಕನ್ನಡ ಮೇಷ್ಟರ ಕೆಲಸ ಬರುವುದು.

ನಮ್ಮ ಅಕ್ಷರದ ಗಟ್ಟಿತನವಿರುವುದು ಕಾಲಿನಲ್ಲಲ್ಲ, ತಲೆಯಲ್ಲಿ. ತಲೆಕಟ್ಟನ್ನು ನೋಡಿದ ಪರಕೀಯನು ಅದು ಕನ್ನಡದ ಸೆರಿಫ್ ಎಂದಾನು. ಆದರೆ ಎರಡಕ್ಕೂ ಒಂದು ದೊಡ್ಡ ಅಂತರವಿದೆ. ಇಂಗ್ಲಿಷಿನ ಅಕ್ಷರದಿಂದ ಪಾದವನ್ನು ಕಿತ್ತು ಹಾಕಿದರೂ ಅದು ಅದೇ ಅಕ್ಷರ. ಚಪ್ಪಲಿ ಬಿಟ್ಟು ಒಳಗೆ ಬಂದ ಅತಿಥಿಯಂತೆ. ನಮ್ಮ ತಲೆಕಟ್ಟು ಹಾಗಲ್ಲ. ಕಾಗುಣಿತವನ್ನು ಕಲಿಯುವ ಮಗುವನ್ನು ಕೇಳಿ: ಕಕಾರಕ್ಕೆ ತಲೆಕಟ್ಟು ಕೊಟ್ಟರೆ ಕ, ಅದನ್ನು ತೆಗೆದು ಗುಡಿಸನ್ನಿಟ್ಟರೆ ಕಿ, ಎತ್ವವನ್ನಿಟ್ಟರೆ ಕೆ. ತಲೆಕಟ್ಟೆಂಬುದು ಆಭರಣವಲ್ಲ, ಅಕಾರವೆಂಬ ಸ್ವರದ ಗುರುತು. ಅದನ್ನು ತೀರ ಸಣ್ಣದು ಮಾಡಿ ಕಣ್ಣಿಗೆ ಕಾಣದಂತಾದರೆ ಅಕ್ಷರ ಬಡವಾಗುವುದಷ್ಟೇ ಅಲ್ಲ, ಓದುವವನಿಗೆ ಸ್ವರವೇ ತಪ್ಪಿಹೋಗುತ್ತದೆ. ಅಲ್ಲದೆ ಖ, ಜ, ಣ, ಬ, ಲ ಮುಂತಾದ ಕೆಲವಕ್ಕೆ ತಲೆಕಟ್ಟೇ ಇಲ್ಲ. ಆದ್ದರಿಂದ ‘ಕಣಜ’ ಎಂದು ಬರೆದರೆ ರುಮಾಲು ಸುತ್ತಿದ ಒಬ್ಬ ಹಿರಿಯನ ಪಕ್ಕದಲ್ಲಿ ಬರಿದಲೆಯ ಇಬ್ಬರು ನಿಂತಂತಾಗುತ್ತದೆ. ದಪ್ಪ ಅಕ್ಷರದಲ್ಲಿ ಈ ಅಸಮತೆ ಮೈಯ ಭಾರದಲ್ಲಿ ಮುಚ್ಚಿಹೋಗುತ್ತದೆ. ತೆಳು ಅಕ್ಷರದಲ್ಲಿ ಎದ್ದು ಕಾಣುತ್ತದೆ. ಹುಡುಗಿ ಣಕಾರ ಜಕಾರಗಳ ತುದಿಗೆ ಪಟ್ಟಿ ಹಾಕಿದ್ದು ಈ ಕಾರಣಕ್ಕೇ. ತಲೆಯ ಮೇಲೆ ಹಾಕದೆ ಗೆರೆ ಮುಗಿಯುವಲ್ಲಿ ಹಾಕಿದ್ದಳು. ತಲೆಯ ಮೇಲೆ ಹಾಕಿದ್ದರೆ ಇಲ್ಲದ ತಲೆಕಟ್ಟನ್ನು ಹುಟ್ಟಿಸಿದಂತಾಗುತ್ತಿತ್ತು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ತೆಳ್ಳಗೆ ಬರೆಯುವುದು ಕನ್ನಡದ ಸಂಪ್ರದಾಯಕ್ಕೆ ಹೊರಗಲ್ಲವೆಂದೂ ನಾನು ಸಮಿತಿಗೆ ಬರೆದೆ. ತಾಳೆಯ ಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದು, ಮೇಲೆ ಮಸಿ ತೀಡಿ ಒರೆಸಿದಾಗ, ಕೊರೆದ ಗೀರಿನಲ್ಲಿ ಮಾತ್ರ ಕಪ್ಪು ಉಳಿಯುತ್ತದೆ. ಆ ಗೆರೆ ಎಲ್ಲಿ ನೋಡಿದರೂ ಒಂದೇ ದಪ್ಪ; ದಪ್ಪವೆನ್ನುವುದಕ್ಕಿಂತ ಒಂದೇ ತೆಳುವು. ನೂರಾರು ವರ್ಷ ಕನ್ನಡ ಕಾವ್ಯವನ್ನು ಹೊತ್ತು ತಂದುದು ಇಂಥ ಉಪವಾಸದ ಅಕ್ಷರಗಳೇ. ಮೈ ಬಂದದ್ದು ಸೀಸದ ಮೊಳೆಗಳ ಕಾಲದಲ್ಲಿ. ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾಯಿತು. ಮೊಳೆಯ ತೆಳು ಗೆರೆ ಅಚ್ಚುಯಂತ್ರದ ಒತ್ತಡಕ್ಕೆ ಬೇಗ ಸವೆಯುತ್ತಿತ್ತು, ಮುರಿಯುತ್ತಿತ್ತು. ಕಾಗದವೂ ಶಾಯಿಯನ್ನು ಹೀರಿ ಗೆರೆಯನ್ನು ಹರಡುತ್ತಿತ್ತು. ಕಾಲಕ್ರಮದಲ್ಲಿ ಆ ಮೈಯೇ ಅಕ್ಷರದ ನಿಜವಾದ ಮೈಯೆಂದು ನಮ್ಮ ಕಣ್ಣಿಗೆ ಅಭ್ಯಾಸವಾಗಿದೆ. ಈಗ ಆ ತೊಡಕುಗಳು ಉಳಿದಿಲ್ಲ. ಕಂಪ್ಯೂಟರಿನಲ್ಲಿ ‘ನೋಟೊ ಸೆರಿಫ್ ಕನ್ನಡ’, 2022ರಲ್ಲಿ ಹೊರಬಂದ ‘ಅನೇಕ್ ಕನ್ನಡ’ ಮೊದಲಾದ ಅಕ್ಷರ ಕುಟುಂಬಗಳು ಎಳೆಯಷ್ಟು ತೆಳುವಿನಿಂದ ಹಿಡಿದು ಗದೆಯಷ್ಟು ದಪ್ಪದವರೆಗೆ ದೊರೆಯುತ್ತವೆ. ಅಮೆರಿಕದ ಎರಿನ್ ಮೆಕ್‌ಲಾಫ್ಲಿನ್ ಎಂಬ ಮಹಿಳೆ ಒಂದೇ ದಪ್ಪದ ಗೆರೆಯಿಂದ ರಚಿಸಿದ ಕನ್ನಡ ಅಕ್ಷರಕ್ಕೆ ‘ಹುಬ್ಬಳ್ಳಿ’ ಎಂದು ಹೆಸರು! ಆದರೆ ತೆಳು ಅಕ್ಷರ ದೊಡ್ಡದಾಗಿ ನಿಂತಾಗಲೇ ಚೆಂದ. ಅದರಲ್ಲಿ ಪುಸ್ತಕದ ಒಳಪುಟವನ್ನು ಜೋಡಿಸುವುದು ಓದುಗರ ಕಣ್ಣಿಗೆ ಮಾಡುವ ಅಪಚಾರ. ಶೀರ್ಷಿಕೆ, ಮುಖಪುಟ, ನಾಮಫಲಕ. ಅದರ ಕ್ಷೇತ್ರ ಇಷ್ಟೇ.

ಇಷ್ಟನ್ನು ಬರೆದ ಮೇಲೂ ನನಗೆ ಕೈಕೆಲಸದವರೊಬ್ಬರ ಮಾತು ಬೇಕೆನಿಸಿತು. ಚಳ್ಳಕೆರೆಯಲ್ಲಿ ಬೋರ್ಡು ಬರೆಯುವ ಹಿರಿಯರೊಬ್ಬರಿದ್ದಾರೆ. ಫ್ಲೆಕ್ಸು ಬಂದಮೇಲೆ ಅವರ ಕೆಲಸ ಕಡಮೆಯಾಗಿ, ಈಗ ಶಾಲೆಯ ಗೋಡೆ, ದೇವಸ್ಥಾನದ ದಾನಿಗಳ ಪಟ್ಟಿ, ಲಾರಿಯ ಬೆನ್ನು, ಇಷ್ಟಕ್ಕೆ ನಿಂತಿದೆ. ಹಾಳೆಯನ್ನು ತೋಳಿನಳತೆಯ ದೂರಕ್ಕೆ ಹಿಡಿದು ಬಹಳ ಹೊತ್ತು ನೋಡಿದರು.

“ದಪ್ಪ ಅಕ್ಷರ ಯಾರು ಬೇಕಾದರೂ ಬರೀತಾರೆ ಸಾರ್. ಕೈ ಅಲುಗಿದರೆ ಇನ್ನೊಂದು ಕೋಟಿಂಗ್ ಎಳೆದರೆ ಆಯ್ತು. ತಪ್ಪನ್ನು ಬಣ್ಣ ನುಂಗುತ್ತೆ. ಸಣ್ಣಗೆರೆಯಲ್ಲಿ ನುಂಗೋಕೆ ಏನಿದೆ? ಉಸಿರು ಬಿಟ್ಟರೂ ಗೊತ್ತಾಗುತ್ತೆ. ಯಾರು ಬರೆದದ್ದು ಇದು?”

ಹುಡುಗಿಯೆಂದೆ. ಅವರು ಜಕಾರದ ತುದಿಯ ಪಟ್ಟಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ತೆರೆದು, ಮತ್ತೆ ಮುಚ್ಚಿ, “ಇದೊಂದು ತೆಗೀಬೇಕು. ಜ ತಾನೇ ಸುತ್ತಿಕೊಂಡು ನಿಲ್ಲುತ್ತೆ, ಅದಕ್ಕೆ ಊರುಗೋಲು ಬೇಡ. ಣಕ್ಕೆ ಇರಲಿ” ಎಂದರು. ನನ್ನ ನಾಲ್ಕು ಪುಟದ ಅಭಿಪ್ರಾಯದಲ್ಲಿ ಇಷ್ಟು ಉಪಯುಕ್ತವಾದ ಮಾತು ಒಂದೂ ಇರಲಿಲ್ಲ. ಹುಡುಗಿಗೆ ಹೇಳಿದಾಗ ಅವಳು ಅರ್ಧಗಂಟೆ ಯೋಚಿಸಿ ಜಕಾರದ ಪಟ್ಟಿಯನ್ನು ತೆಗೆದಳು.

ಸಮಿತಿಯ ಮಾತು ಅಂತೂ ಮುಗಿಯಿತು. ಶೀರ್ಷಿಕೆಯ ಎತ್ತರವನ್ನು ಇನ್ನೊಂದು ಅಂಗುಲ ಹೆಚ್ಚಿಸುವುದು, ಕಪ್ಪಿನ ಬದಲು ಕಡುನೀಲಿಯಲ್ಲಿ ಅಚ್ಚು ಹಾಕುವುದು, ಕಾಲೇಜಿನ ಹೆಸರನ್ನು ಮಾತ್ರ ಎಂದಿನಂತೆ ದಪ್ಪವಾಗಿಯೇ ಇಡುವುದು ಎಂಬ ಒಪ್ಪಂದಕ್ಕೆ ಪ್ರಾಂಶುಪಾಲರು ನಗುತ್ತ ಸಹಿ ಹಾಕಿದರು. ಆ ಸಂಜೆ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಬೇರೊಂದು ವಿಷಯವನ್ನೆತ್ತಿದಳು. ಅವಳಿಗೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಓದಬೇಕೆಂಬ ಆಸೆ. ಮನೆಯಲ್ಲಿ ಬಿ.ಎಡ್. ಮಾಡು, ಇಲ್ಲವೆ ಮದುವೆಗೆ ಒಪ್ಪು ಎನ್ನುತ್ತಿದ್ದಾರೆ. ಬಿ.ಎ. ಮುಗಿಸಿದ ಮೇಲೆ ಮತ್ತೆ ಮೊದಲಿನಿಂದ ಪದವಿ ಓದುವುದೆಂದರೆ ನಾಲ್ಕು ವರ್ಷದ ಮಾತು. ತಂದೆಯೊಡನೆ ಬಾಯಿಬಿಡಲು ಧೈರ್ಯವಿಲ್ಲ. “ಸರ್, ನೀವೊಂದು ಸಲ ಅಪ್ಪನ ಹತ್ತಿರ ಮಾತಾಡ್ತೀರಾ?”

ಇನ್ನೊಬ್ಬರ ಮನೆಯ ಮಗಳ ಭವಿಷ್ಯದ ಬಗ್ಗೆ ಮಾತನಾಡಲು ಹೋಗುವುದು ಸುಲಭದ ಕೆಲಸವಲ್ಲ. ಒಂದು ಭಾನುವಾರ ಬೆಳಗಿನ ಬಸ್ಸು ಹತ್ತಿದೆ. ದಾರಿಯಲ್ಲಿ ತಳುಕು ಬಂತು, ಟಿ. ಎಸ್. ವೆಂಕಣ್ಣಯ್ಯನವರ ಊರು. ಕನ್ನಡ ಕಲಿಸುವವನು ಆ ಊರನ್ನು ದಾಟುವಾಗ ಒಮ್ಮೆ ಬೆನ್ನು ನೆಟ್ಟಗೆ ಮಾಡಿ ಕೂರುವುದು ಸಹಜ. ಅಲ್ಲಿಂದ ಮುಂದೆ ಎರಡೂ ಕಡೆ ಬಿಸಿಲು, ಜಾಲಿ, ದೂರದಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಬಂಡೆಗಳು.

ಮೊಳಕಾಲ್ಮುರಿನ ಆ ಬೀದಿಯಲ್ಲಿ ಲಾಳಿಯ ಸದ್ದು ಒಂದು ಮನೆಯಲ್ಲಿ ಕೇಳಿದರೆ ಮುಂದಿನ ಎರಡು ಮನೆಗಳಲ್ಲಿ ಕೇಳುತ್ತಿರಲಿಲ್ಲ. ಹುಡುಗಿಯ ತಂದೆ ಐವತ್ತರ ಮೇಲಿನವರು. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಎರಡರಲ್ಲಿಯೂ ಮಿತಭಾಷಿ. ಮಗ್ಗದಿಂದ ಎದ್ದು ಬಂದು, “ಬನ್ನಿ ಮೇಷ್ಟ್ರೆ, ಕುಂತ್ಕಳಿ” ಎಂದು ಚಾಪೆ ಹಾಸಿಸಿದರು. ಮಗ್ಗದ ಮೇಲೆ ಕುಂಕುಮದ ಬಣ್ಣದ ಸೀರೆ ಅರ್ಧಕ್ಕೆ ನಿಂತಿತ್ತು. ಅಂಚಿನಲ್ಲಿ ಗೋಪುರದ ಸಾಲು, ಒಡಲಲ್ಲಿ ಅಲ್ಲೊಂದು ಇಲ್ಲೊಂದು ಜರಿಯ ಹಕ್ಕಿ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಸೀರೆಯಿದು. ಮಾನ್ಯತೆ ಸೀರೆಗೆ ಬಂತು, ನೇಯುವವರ ಮಕ್ಕಳು ಬೆಂಗಳೂರಿಗೆ ಹೋದರು ಎಂದು ಅವರು ದೂರಿನ ದನಿಯಿಲ್ಲದೆ ಹೇಳಿದರು.

ಗೋಡೆಯ ಗೂಡಿನಿಂದ ಒಂದು ಕಟ್ಟು ಚೌಕುಳಿ ಕಾಗದಗಳನ್ನು ತೆಗೆದು ತೋರಿಸಿದರು. ನಕ್ಷೆಯನ್ನು ಮೊದಲು ಅದರ ಮೇಲೆ ಬರೆಯಬೇಕು. ಒಂದು ಚೌಕಕ್ಕೆ ಇಷ್ಟು ಎಳೆಯೆಂದು ಲೆಕ್ಕ. ಹಾಸಿನ ಎಳೆ ಮೇಲಿನಿಂದ ಕೆಳಕ್ಕೆ, ಹೊಕ್ಕಿನ ಎಳೆ ಅಡ್ಡಕ್ಕೆ; ಈ ಎರಡು ದಿಕ್ಕು ಬಿಟ್ಟು ಮೂರನೆಯ ದಿಕ್ಕು ಮಗ್ಗಕ್ಕೆ ಗೊತ್ತಿಲ್ಲ. ಹಕ್ಕಿಯ ಕೊಕ್ಕು ನಮಗೆ ಬಾಗಿದಂತೆ ಕಂಡರೂ ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿದಿರುತ್ತದೆ. ಹಳೆಯ ಹಾಳೆಗಳಲ್ಲಿ ನಕ್ಷೆ ತಂದೆಯವರದು, ಇತ್ತೀಚಿನವುಗಳಲ್ಲಿ ಮಗಳದು. ಎಂಟನೆಯ ತರಗತಿಯಿಂದ ಅವಳೇ ಬರೆದುಕೊಡುತ್ತಿದ್ದಳಂತೆ. ಕೆಲವು ಹಾಳೆಗಳ ಮೂಲೆಯಲ್ಲಿ ಅವಳು ತನ್ನ ಹೆಸರನ್ನೂ ಚೌಕ ತುಂಬಿ ಬರೆದಿದ್ದಳು. ಆ ಹೆಸರಿನಲ್ಲಿ ಪ್ರತಿಯೊಂದು ತಲೆಕಟ್ಟೂ ನೆಟ್ಟನೆಯ ಪಟ್ಟಿ! ಟೈಪ್‌ರೈಟರನ್ನು ನೋಡುವ ಮೊದಲೇ ಅದು ಅವಳ ಕೈಯಲ್ಲಿತ್ತು. ಹೊಕ್ಕಿನ ಒಂದು ಎಳೆ ಅಡ್ಡ ಬಿದ್ದು ಅವಳ ತಲೆಕಟ್ಟಾಗಿತ್ತು.

ನಾನು ‘ಕಣಜ’ದ ಹಾಳೆಯನ್ನು ಬಿಡಿಸಿಟ್ಟೆ. ತಂದೆ ಕನ್ನಡಕ ಹಾಕಿಕೊಂಡು ನೋಡಿ, “ತೆಲುಗಿನಲ್ಲಿ ತಲಕಟ್ಟು ಹಿಂಗಿರಲ್ಲ, ಲೆಕ್ಕದ ಮೇಷ್ಟ್ರು ಸರಿ ಅಂತ ಗುರುತು ಹಾಕ್ತಾರಲ್ಲ, ಹಂಗಿರುತ್ತೆ. ಕನ್ನಡದ್ದೇ ನೇಯೋಕೆ ಸಲೀಸು” ಎಂದರು. ಎರಡು ಲಿಪಿಗಳೂ ಒಂದೇ ತಾಯಿಯ ಮಕ್ಕಳೆಂದೂ, ತಲೆಯ ಕಟ್ಟಿನಿಂದಲೇ ಮುಖ್ಯವಾಗಿ ಬೇರೆಯಾಗಿ ಕಾಣುವುವೆಂದೂ ನಾನು ತರಗತಿಯಲ್ಲಿ ಅರ್ಧಗಂಟೆ ಹೇಳುವ ಮಾತನ್ನು ಅವರು ಮಗ್ಗದ ಕಡೆಯಿಂದ ಹೇಳಿ ಮುಗಿಸಿದ್ದರು. ಮೈಸೂರಿನ ಮಾತನ್ನೆತ್ತಿದೆ. ಅವರು ಹಾಳೆಯನ್ನು ಮಡಿಸಿ ಕೊಟ್ಟು, “ಅಕ್ಷರ ಬರೆಯೋದು ಕಲಿಯೋಕೆ ನಾಲ್ಕು ವರ್ಷವೇ ಮೇಷ್ಟ್ರೆ? ಒಂದನೇ ಕ್ಲ್ಯಾಸಿನಲ್ಲಿ ಕಲಿತಿದ್ದಾಳಲ್ಲ” ಎಂದರು. ಹಾಸ್ಯವೋ ನಿರಾಕರಣೆಯೋ ತಿಳಿಯಲಿಲ್ಲ. ಒಳಗಿನಿಂದ ಹುಡುಗಿಯ ತಾಯಿ ಚಹ ತಂದರು.

ಊಟವಾದ ಮೇಲೆ ನಾನು ಬ್ರಹ್ಮಗಿರಿಗೆ ಹೋಗಬೇಕೆಂದಿದ್ದೆ. ಅಷ್ಟು ದೂರ ಬಂದವನು ಅಶೋಕನ ಶಾಸನವನ್ನು ನೋಡದೆ ಹಿಂದಿರುಗುವುದುಂಟೆ? ಇದೇ ತಾಲ್ಲೂಕಿನಲ್ಲಿದ್ದೂ ಹುಡುಗಿಯ ತಂದೆ ಅದನ್ನು ನೋಡಿರಲಿಲ್ಲ. “ನಾವು ಜಟಿಂಗ ರಾಮೇಶ್ವರನ ಬೆಟ್ಟಕ್ಕೆ ಹೋಗ್ತೀವಿ, ಕಲ್ಲು ನೋಡೋಕೆ ಯಾರು ಹೋಗ್ತಾರೆ” ಎಂದವರು, ಏನೆನಿಸಿತೋ, ಅಂಗಿ ಹಾಕಿಕೊಂಡು ಹೊರಟೇ ಬಿಟ್ಟರು. ಹುಡುಗಿಯೂ ಬಂದಳು.

ಬಿ. ಎಲ್. ರೈಸ್ 1892ರಲ್ಲಿ ಇಲ್ಲಿಯ ಮೂರು ಶಾಸನಗಳನ್ನು ಕಂಡುಹಿಡಿದರು: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆಜ್ಞೆ. ತಂದೆತಾಯಿಗಳ ಮಾತು ಕೇಳಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬ ಉಪದೇಶವೂ ಅದರಲ್ಲುಂಟು. (ಹುಡುಗಿಯ ಮುಂದೆ ಇದನ್ನು ಅರ್ಥ ಹೇಳುವಾಗ ಮೊದಲನೆಯ ವಾಕ್ಯವನ್ನು ನಾನು ಸ್ವಲ್ಪ ಬೇಗ ದಾಟಿದೆ.) ಕೊನೆಯಲ್ಲಿ ಬರೆದವನು ತನ್ನ ಹೆಸರನ್ನು ಹೇಳಿಕೊಂಡಿದ್ದಾನೆ: ಚಪಡ. ಹೆಸರಿನ ಮುಂದೆ ‘ಲಿಪಿಕಾರ’ನೆಂಬ ಅರ್ಥದ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ವಾಯವ್ಯದ ಆ ಲಿಪಿ ಈ ಬಿಸಿಲಿನ ಬಂಡೆಗೆ ಬಂದುದು ಅವನ ಕೈಚಳಕದ ಹೆಮ್ಮೆಯಿಂದಲೇ ಇರಬೇಕೆಂದು ನನ್ನ ಎಣಿಕೆ. ಚಕ್ರವರ್ತಿಯ ಹೆಸರು ಅಲ್ಲಿಲ್ಲ, ‘ದೇವಾನಾಂಪ್ರಿಯ’ನೆಂಬ ಬಿರುದಷ್ಟೇ ಇದೆ, ಅಕ್ಷರ ಬರೆದವನ ಹೆಸರಿದೆ.

ಆ ಅಕ್ಷರಗಳಿಗೆ ತಲೆಕಟ್ಟೂ ಇಲ್ಲ, ಪಾದವೂ ಇಲ್ಲ. ಕಕಾರವೆಂದರೆ ಕೂಡುವ ಲೆಕ್ಕದ ಗುರುತು. ಠಕಾರವೆಂದರೆ ಬರಿಯ ವೃತ್ತ. ತಲೆ ಬೆಳೆದುದು ಆಮೇಲೆ. ಐದನೆಯ ಶತಮಾನದ ತಾಳಗುಂದದ ಕಂಬದಲ್ಲಿ, ಕದಂಬರ ಕಾಲದ ಕವಿ ಕುಬ್ಜ ತಾನೇ ಕಲ್ಲಿನ ಮೇಲೆ ಬರೆದ ಕಾವ್ಯದಲ್ಲಿ, ಪ್ರತಿಯೊಂದು ಅಕ್ಷರದ ತಲೆಯ ಮೇಲೂ ಒಂದು ಪುಟ್ಟ ಚೌಕ ಪೆಟ್ಟಿಗೆಯುಂಟು. ಪೆಟ್ಟಿಗೆದಲೆಯ ಲಿಪಿಯೆಂದೇ ವಿದ್ವಾಂಸರು ಅದನ್ನು ಕರೆಯುತ್ತಾರೆ. ಫಿಗಿನ್ಸನು ಲಂಡನ್ನಿನಲ್ಲಿ ಅಕ್ಷರದ ಕಾಲಿಗೆ ಹಲಗೆ ಕಟ್ಟಿದ್ದಕ್ಕೆ ಸುಮಾರು ಸಾವಿರದ ಮುನ್ನೂರು ವರ್ಷ ಮೊದಲು ನಮ್ಮವರು ತಲೆಗೆ ಕಟ್ಟಿದ್ದರು! ಇದನ್ನು ನಾನು ಉತ್ಸಾಹದಿಂದ ವಿವರಿಸುತ್ತಿದ್ದಾಗ ತಂದೆ ನನ್ನ ಮಾತನ್ನು ಕೇಳುತ್ತಿರಲಿಲ್ಲ. ಬಂಡೆಯ ಕಡೆಗೆ ಬಾಗಿ, ಬೆರಳನ್ನು ಗಾಳಿಯಲ್ಲಿ ಆಡಿಸುತ್ತ ಏನನ್ನೋ ಎಣಿಸುತ್ತಿದ್ದರು.

“ಈ ಕ ನೇಯಬಹುದು ಮೇಷ್ಟ್ರೆ. ಒಂದು ಉದ್ದ, ಒಂದು ಅಡ್ಡ. ಒಂದು ಎಳೆಯೂ ವ್ಯರ್ಥ ಇಲ್ಲ.” ಸ್ವಲ್ಪ ತಡೆದು ಕೇಳಿದರು: “ಇದನ್ನು ಬರೆದವನಿಗೆ ರಾಜ ಸಂಬಳ ಕೊಡ್ತಿದ್ದನೇ?”

ಕೊಟ್ಟೇ ಇರಬೇಕು, ಲಿಪಿಕಾರನೆಂಬುದು ಒಂದು ಉದ್ಯೋಗ ಎಂದೆ. ಈ ಕಾಲದಲ್ಲಿಯೂ ಅಕ್ಷರಗಳನ್ನು ರಚಿಸುವುದನ್ನೇ ಕಸಬಾಗಿ ಮಾಡಿಕೊಂಡವರಿದ್ದಾರೆ, ಪತ್ರಿಕೆಗಳಿಗೂ ಕಂಪ್ಯೂಟರಿಗೂ ಫೋನಿಗೂ ಅವರ ಅಕ್ಷರಗಳೇ ಬೇಕು, ಕನ್ನಡದಲ್ಲಿ ಅಂಥವರು ಬೆರಳೆಣಿಕೆಯಷ್ಟು ಮಂದಿ ಎಂದು ಸೇರಿಸಿದೆ. ಹುಡುಗಿ ದೂರದಲ್ಲಿ ನಿಂತು, ಟಿಪ್ಪಣಿ ಪುಸ್ತಕದಲ್ಲಿ ಚಪಡನ ಹೆಸರನ್ನು ಬರೆದುಕೊಳ್ಳುತ್ತಿದ್ದಳು. ತಂದೆ ಅವಳನ್ನು ನೋಡುತ್ತಲೇ ಕೇಳಿದರು: “ಮೈಸೂರಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಇದೆಯೇ? ಫೀಸು ಎಷ್ಟಾಗುತ್ತೆ?”

ನನಗೆ ತಿಳಿದಷ್ಟನ್ನು ಹೇಳಿದೆ. ಉಳಿದುದನ್ನು ವಿಚಾರಿಸಿ ಕಾಗದ ಬರೆಯುತ್ತೇನೆಂದೆ. ಬಸ್ಸಿನ ಹೊತ್ತಾಗಿತ್ತು. ಇಳಿಯುತ್ತ ಅವರು ಮತ್ತೊಮ್ಮೆ ‘ಕಣಜ’ದ ಹಾಳೆಯನ್ನು ಕೇಳಿ ಪಡೆದು, ನಡೆಯುತ್ತಲೇ ಬಿಡಿಸಿ ನೋಡಿ, ಮಗಳನ್ನು ಕರೆದು, “ಣದ ಈ ಸುತ್ತು ಆ ಸುತ್ತಿಗಿಂತ ಎರಡು ಎಳೆ ಅಗಲ ಆಗಿದೆ, ನೋಡ್ದೆಯಾ?” ಎಂದರು. ಅವಳು ಹಾಳೆಯನ್ನು ಇಸಕೊಂಡು ಬೆಳಕಿಗೆ ಹಿಡಿದಳು. ನನ್ನ ಕಣ್ಣಿಗೂ, ಬೋರ್ಡು ಬರೆಯುವ ಹಿರಿಯರ ಕಣ್ಣಿಗೂ ಬೀಳದ ವ್ಯತ್ಯಾಸ ಅದು. ಅಳೆದು ನೋಡಿದರೆ ನಿಜವಾಗಿತ್ತು.

ಸೋಮವಾರ ಅವಳು ತಿದ್ದಿದ ಹಾಳೆಯನ್ನು ತಂದುಕೊಟ್ಟಳು. ಮನೆಯಲ್ಲಿ ಏನು ತೀರ್ಮಾನವಾಯಿತೆಂದು ಕೇಳಿದೆ. “ಪ್ರವೇಶ ಪರೀಕ್ಷೆ ಬರಿ, ಆಮೇಲೆ ನೋಡೋಣ ಅಂದರು ಸರ್” ಎಂದಳು. ಸಂಚಿಕೆ ಅಚ್ಚಾಗಿ ಬಂದಾಗ ಎಲ್ಲರಂತೆ ಅವಳಿಗೂ ಒಂದು ಪ್ರತಿ ಸಿಕ್ಕಿತು. ಮನೆಗೆಂದು ಇನ್ನೆರಡು ಪ್ರತಿಗಳನ್ನು ದುಡ್ಡು ಕೊಟ್ಟು ತೆಗೆದುಕೊಂಡಳು.